ಕಾಂತಪ್ಪಣ್ಣನದ್ದು ಎಣ್ಣೆ ಕುಡಿಯೋದು ಜೋರಾಗಿದೆ

೧

ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟಿನ ಮೊದಲ ವಾಕ್ಯ ಹೀಗಿತ್ತು: ‘ಎಣ್ಣೆಯ ಮೇಲೆ ತೇಲುವ ದೇಶದಲ್ಲಿ ಒಂದು ಬಡ ಬೈಕು ಎಣ್ಣೆಗಾಗಿ ಬಾಯಾರಿ ನಿಂತಿತ್ತು.’ ಬರೆದವನೇ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಆಮೇಲೆ ನೆನಪಾಯಿತು, ಕುವೈತಿಗೆ ಬಂದಿಳಿದ ಪ್ರತಿಯೊಬ್ಬನೂ ಏರ್‌ಪೋರ್ಟಿನಿಂದ ರೂಮು ತಲುಪುವುದರೊಳಗೆ ಈ ಜೋಕು ಹೊಡೆದಿರುತ್ತಾನೆ. ಆ ಡ್ರಾಫ್ಟು ಖಲಾಸ್.

ಎರಡನೆಯದನ್ನು ಒಂದು ವಾಟ್ಸಪ್ ಮೆಸೇಜಿನಿಂದ ಶುರು ಮಾಡಿದೆ. ಕಾಂತಪ್ಪನ ರೂಮ್‌ಮೇಟ್ ಶೈಲೇಶ್ ಊರಿನವರ ಗ್ರೂಪಿಗೆ ಹಾಕಿದ್ದು:

‘ಕಾಂತಪ್ಪಣ್ಣನದ್ದು ಎಣ್ಣೆ ಕುಡಿಯೋದು ಜೋರಾಗಿದೆ. ಹೊಗೆ ಕೂಡ ಬಿಡ್ತಾ ಉಂಟು.’

ಅದರ ಕೆಳಗೆ, ಚಾ ಕುಡಿದು ಬಂದು ಹಾಕಿದ ಇನ್ನೊಂದು: ‘ಒಳ್ಳೆ ಮೆಕ್ಯಾನಿಕ್ ಗೊತ್ತಿದ್ರೆ ನಂಬರ್ ಕೊಡಿ.’

ನನ್ನ ಕತೆ ಇರುವುದು ಈ ಎರಡರ ನಡುವಿನ ಚಾದಲ್ಲಿ. ಮೊದಲನೆಯದನ್ನು ಯಾರೋ ಪುಣ್ಯಾತ್ಮರು ಫಾರ್ವರ್ಡ್ ಮಾಡಿದರು, ಎರಡನೆಯದನ್ನು ಮಾಡಲಿಲ್ಲ. ಮಧ್ಯಾಹ್ನದ ಊಟದೊಳಗೆ ಅದು ಬೆಳ್ತಂಗಡಿಯಲ್ಲಿರುವ ಕಾಂತಪ್ಪನ ಹೆಂಡತಿ ಪುಷ್ಪಾವತಿಯ ಫೋನಿಗೆ ಬಂದು ಕೂತಿತ್ತು.

[ಕನ್ನಡದಲ್ಲಿ ಕರ್ತೃಪದ ಬಿಟ್ಟರೂ ವಾಕ್ಯ ನಡೆಯುತ್ತದೆ ಎಂದು ನಮಗೆ ಹೈಸ್ಕೂಲಿನಲ್ಲಿ ಕಲಿಸಿದ ಮೇಷ್ಟ್ರು ದಯವಿಟ್ಟು ಇದನ್ನು ಓದಬೇಕು. ‘ಗಾಡಿ’ ಅಂತ ಎರಡಕ್ಷರ ಸೇರಿಸಿದ್ದರೆ ನಾನು ಈ ಕತೆ ಬರೆಯುವ ಶ್ರಮ ತಪ್ಪುತ್ತಿತ್ತು.]

೨

ಕಾಂತಪ್ಪ ಕುವೈತಿನ ಫಹಾಹೀಲ್‌ನ ಒಂದು ಹೋಟೆಲಿನಲ್ಲಿ ಸ್ಟೋರ್ ನೋಡಿಕೊಳ್ಳುವವ. ಒಂದು ಕಾಲದಲ್ಲಿ ಊರಲ್ಲಿ ಮಿತಿಮೀರಿ ಕುಡಿಯುತ್ತಿದ್ದ. ಮಗಳು ಅಪೇಕ್ಷಾ ಶಾಲೆಗೆ ಸೇರಿದ ವರ್ಷ ಮನೆದೈವದ ಎದುರು ನಿಂತು ಇನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ, ಮುಟ್ಟಲಿಲ್ಲ. ಈಗ ಅಪೇಕ್ಷಾ ಕಾಲೇಜಿನಲ್ಲಿದ್ದಾಳೆ. ಪುಷ್ಪಾವತಿಗೆ ವಿಸಿಟ್ ವೀಸಾ ಆಗಿದೆ. ಮದುವೆಯಾದ ಮೇಲೆ ಮೊದಲ ಸಲ ಅವಳು ಕುವೈತ್ ನೋಡಬೇಕು, ಇವನು ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮಹಬೂಲಾದ ಸಮುದ್ರದ ದಂಡೆಗೆ ಕರೆದೊಯ್ಯಬೇಕು. ಅಷ್ಟೇ ಅವನ ಆಸೆ. ಸಮುದ್ರ ಮಂಗಳೂರಿನಲ್ಲೂ ಇದೆಯಲ್ಲ ಎಂದು ನಾನು ಕೇಳಿದ್ದಕ್ಕೆ ಅವನು ನನ್ನನ್ನು ಮರುಕದಿಂದ ನೋಡಿದ.

ಮೆಸೇಜು ತಲುಪಿದ ಸಂಜೆ ಪುಷ್ಪಾವತಿ ಫೋನು ಮಾಡಿದಳು.

“ನಾನು ಕುಡಿಲಿಲ್ಲ ಮಾರಾಯ್ತಿ. ಕುಡಿಯುದು ಗಾಡಿ,” ಎಂದ ಕಾಂತಪ್ಪ.

ಓದುಗರೇ, ನೀವೇ ಹೇಳಿ. ಕುಡುಕರ ಸಬೂಬುಗಳ ಇತಿಹಾಸದಲ್ಲಿ ಇದಕ್ಕಿಂತ ಕಳಪೆಯಾದದ್ದು ಉಂಟೇ? ಹಿಂದೆ ಅವನು ‘ಬಾಯಿವಾಸನೆ ಕೆಮ್ಮಿನ ಔಷಧದ್ದು’ ಎನ್ನುತ್ತಿದ್ದದ್ದೇ ಇದಕ್ಕಿಂತ ವಾಸಿ.

“ಹಾಗಾದ್ರೆ ಗಾಡಿಯದ್ದು ಕುಡಿಯುದು ಬಿಡಿಸಿ ತೋರ್ಸಿ,” ಎಂದಳು ಪುಷ್ಪಾವತಿ. “ಆಮೇಲೆ ಬರುವ ವಿಷಯ ಮಾತಾಡುವ.” ಅಲ್ಲಿಂದ ಮುಂದೆ ಅವಳು ಫೋನು ಎತ್ತಲಿಲ್ಲ.

೩

ಇಲ್ಲಿ ನಾನು ಪ್ರವೇಶಿಸುತ್ತೇನೆ. (ಲೇಖಕರು ಮೂರನೇ ತುಣುಕಿನವರೆಗೆ ಕಾಯುವುದು ಕೂಡ ಒಂದು ವಿನಯ.) ನಾನು ಕಾಂತಪ್ಪನ ಹೋಟೆಲಿನ ಖಾಯಂ ಗಿರಾಕಿ, ರಿಫೈನರಿಯಲ್ಲಿ ಇನ್‌ಸ್ಟ್ರುಮೆಂಟ್ ಇಂಜಿನಿಯರ್. ಆಕಾಶದೆತ್ತರದ ಟ್ಯಾಂಕುಗಳಲ್ಲಿ ಎಣ್ಣೆ ಎಲ್ಲಿಯವರೆಗೆ ಇದೆ ಎಂದು ಅಳೆಯುವುದು ನನ್ನ ಕೆಲಸ, ಅದಕ್ಕೇ ನನಗೆ ಸಂಬಳ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನಗಲು ಬೇಕಾಗುತ್ತದೆ.

ಬೈಕು ಮಂಗಫ್‌ನಲ್ಲಿ ಕಾಂತಪ್ಪನ ಬಿಲ್ಡಿಂಗಿನ ಪಕ್ಕದ ಮಣ್ಣಿನ ಜಾಗದಲ್ಲಿ ಸೈಡ್ ಸ್ಟ್ಯಾಂಡಿನ ಮೇಲೆ ಎಡಕ್ಕೆ ವಾಲಿಕೊಂಡು ನಿಂತಿತ್ತು, ಕಂಪನಿ ಬಸ್ಸಿಗೆ ಕಾದು ಸುಸ್ತಾದವನ ಹಾಗೆ. ಹಳೆಯ ಜಪಾನಿ ಗಾಡಿ. ಊರಿಗೆ ಹೊರಟ ಫಿಲಿಪಿನೋ ಒಬ್ಬ ಬಿಟ್ಟುಹೋದದ್ದು. ಡಬಲ್ ಸ್ಟ್ಯಾಂಡು ಹೋದ ಬೇಸಿಗೆಯಲ್ಲಿ ತುಕ್ಕು ಹಿಡಿದು ಮುರಿದಿತ್ತು, ಕಾಂತಪ್ಪ ಅದನ್ನು ಬಿಚ್ಚಿ ಎಸೆದಿದ್ದ.

“ಎಲ್ಲಿಗೆ ಹೋಗ್ತದೆ ಸರ್ ಈ ಆಯಿಲ್? ಹಾಕಿದಷ್ಟೂ ಕಮ್ಮಿ,” ಎಂದ.

ಎಣ್ಣೆ ಹೋಗಲು ದಾರಿ ಎರಡೇ. ಹೊರಗೆ ಸೋರಬೇಕು, ಇಲ್ಲವೇ ಒಳಗೆ ಸುಡಬೇಕು. ವಾಲಿದ ಗಾಡಿಯ ಕೆಳಗೆ ರಟ್ಟು ಹಾಸಿ ಬೆಳಿಗ್ಗೆಯವರೆಗೆ ಬಿಟ್ಟೆವು. ರಟ್ಟಿನ ಮೇಲೆ ಮರಳು ಬಿಟ್ಟರೆ ಬೇರೇನೂ ಇರಲಿಲ್ಲ, ಹಾಗಾಗಿ ಸೋರಿಕೆ ಇಲ್ಲ. ಒಳಗೆ ಸುಡುವುದಾದರೆ ಹೊಗೆಯ ಹೊತ್ತು ನೋಡಬೇಕು. ಸ್ಟಾರ್ಟ್ ಮಾಡಿದ ಕೂಡಲೇ ಒಂದು ಗುಕ್ಕು ನೀಲಿ ಹೊಗೆ ಬಂದು ನಿಂತರೆ ವಾಲ್ವಿನ ರಬ್ಬರ್ ಸೀಲು ಸವೆದಿದೆ ಎಂದರ್ಥ. ಆಕ್ಸಿಲರೇಟರ್ ತಿರುವಿದಾಗೆಲ್ಲ ಬಂದರೆ ಪಿಸ್ಟನ್ನಿನ ರಿಂಗು. ಕಾಂತಪ್ಪನ ಗಾಡಿ ಸ್ಟಾರ್ಟ್ ಮಾಡಿದಾಗಲೂ ಬಿಟ್ಟಿತು, ತಿರುವಿದಾಗಲೂ ಬಿಟ್ಟಿತು, ಸುಮ್ಮನೆ ನಿಂತಾಗಲೂ ಬಿಟ್ಟಿತು. ಪಠ್ಯಪುಸ್ತಕ ಓದದ ಗಾಡಿ.

ಎಂಜಿನ್ನಿನ ಬಲಬದಿಯಲ್ಲಿ, ಕೆಳಗೆ, ನಾಲ್ಕಾಣೆ ಗಾತ್ರದ ಒಂದು ಗಾಜಿನ ಕಿಟಕಿ ಇದೆ. ಒಳಗಿನ ಎಣ್ಣೆಯ ಗೆರೆ ಅದರಲ್ಲಿ ಕಾಣಬೇಕು. ನಾನು ವಾಲಿದ ಗಾಡಿಯ ಪಕ್ಕ ಮೊಣಕಾಲೂರಿ ಇಣುಕಿದೆ. ಕಿಟಕಿ ಖಾಲಿ.

“ನೋಡಿದ್ರಾ? ನಿನ್ನೆ ಹಾಕಿದ್ದು ಸರ್,” ಎಂದು ಕಾಂತಪ್ಪ ಇನ್ನಷ್ಟು ಸುರಿದ.

೪

(ಈ ತುಣುಕನ್ನು ಬೇಕಾದರೆ ಹಾರಿಸಿ. ಇಲ್ಲಿ ಹೇಳುವುದೆಲ್ಲ ತಪ್ಪು.)

ಶುವೈಖ್‌ನ ಗ್ಯಾರೇಜಿನ ಬಾಸಿತ್ ಭಾಯಿ ಹೊಗೆಯನ್ನು ದೂರದಿಂದಲೇ ನೋಡಿ ತೀರ್ಪು ಕೊಟ್ಟ. “ರಿಂಗ್ ಖಲಾಸ್ ಭಾಯಿ. ಎಂಜಿನ್ ಪೂರಾ ಬಿಚ್ಬೇಕು. ಒಂದು ತಿಂಗ್ಳು ಬಿಡಿ ಇಲ್ಲಿ.”

ಒಂದು ತಿಂಗಳಲ್ಲಿ ಪುಷ್ಪಾವತಿಯ ವೀಸಾದ ಅವಧಿ ಮುಗಿಯುತ್ತದೆ. ಕಾಂತಪ್ಪ ಹೆಲ್ಮೆಟ್ ಹಾಕಿಕೊಂಡ. ಹೆಲ್ಮೆಟ್ಟಿನೊಳಗೆ ಅವನ ಮುಖ ಹೇಗಿತ್ತು ಎಂದು ವರ್ಣಿಸಲು ಎರಡು ಪ್ಯಾರಾ ಬರೆದೆ, ಅಳಿಸಿದೆ. ನನಗೆ ಕಂಡಿರಲಿಲ್ಲ. ಪಾಪ ಅನ್ನಿಸಿತ್ತು ಎನ್ನುವುದಷ್ಟೇ ನಿಜ.

೫

ಇಷ್ಟಾದ ಮೇಲೆ ಡ್ರಾಫ್ಟನ್ನು ನನ್ನ ಹೆಂಡತಿ ನಿಧಿಗೆ ಓದಲು ಕೊಟ್ಟೆ. ಅವಳು ಮೈಸೂರಿನವಳು, ಇಲ್ಲಿ ಬ್ಯಾಂಕಿನಲ್ಲಿ ಕೆಲಸ. ನನ್ನ ಕತೆಗಳನ್ನು ಲೋನ್ ಅರ್ಜಿಗಳ ಹಾಗೆ ಓದುತ್ತಾಳೆ.

“ಇದೇನ್ರೀ, ಬೈಕು ಯಾವಾಗ್ಲೂ ವಾಲ್ಕೊಂಡೇ ಇರತ್ತೆ? ಮೂರನೇ ತುಣುಕಲ್ಲೇ ಮೂರು ಸಲ ವಾಲಿದೆ,” ಎಂದಳು. “ನಿಮ್ಗೆ ಬೇರೆ ಪದ ಸಿಗ್ಲಿಲ್ವಾ?”

“ಅದು ಸಂಕೇತ. ಅವನ ಬದುಕು ಒಂದು ಕಡೆಗೆ ವಾಲಿದೆ ಅಂತ.”

“ಸಂಕೇತ ಇರ್ಲಿ, ನಿಜವಾಗ್ಲೂ ಹಾಗೇ ನಿಂತಿತ್ತಾ?”

“ನಿಂತಿತ್ತು. ಡಬಲ್ ಸ್ಟ್ಯಾಂಡ್ ಇಲ್ವಲ್ಲ.”

“ಹಾಗೇ ವಾಲಿಸ್ಕೊಂಡೇ ಎಣ್ಣೆ ನೋಡಿದ್ರಾ?”

ನಾನು ಡ್ರಾಫ್ಟನ್ನು ವಾಪಸ್ ತೆಗೆದುಕೊಂಡೆ. ನಮ್ಮ ಮಗ ದೀಪು ಟ್ಯಾಬ್ಲೆಟ್ಟಿನಿಂದ ತಲೆ ಎತ್ತಿ, “ಅಪ್ಪಾ, ಯು ಮೆಷರ್ ಆಯಿಲ್ ಫಾರ್ ಎ ಲಿವಿಂಗ್, ರೈಟ್?” ಎಂದ. ಈಗ ನಗಿ.

[ಹೌದು ಓದುಗರೇ, ಮೇಲೆ ಹೋಗಿ ಎಣಿಸಿ ನೋಡಿ. ಸುಳಿವನ್ನು ನಿಮ್ಮ ಮುಂದೆಯೇ ಇಟ್ಟಿದ್ದೆ. ಬೇಕೆಂದೇ ಇಟ್ಟೆ ಎಂದು ಹೇಳಿಕೊಳ್ಳುವ ಆಸೆ ಇದೆ.]

೬

ಗಾಡಿ ಎಡಕ್ಕೆ ವಾಲಿದರೆ ಎಣ್ಣೆಯೂ ಎಡಕ್ಕೆ ಹೋಗುತ್ತದೆ, ಬಲಬದಿಯ ಕಿಟಕಿ ಖಾಲಿ ಕಾಣುತ್ತದೆ. ಡಬಲ್ ಸ್ಟ್ಯಾಂಡು ಇದ್ದಷ್ಟು ಕಾಲ ಗಾಡಿ ನೆಟ್ಟಗೆ ನಿಲ್ಲುತ್ತಿತ್ತು, ಗೆರೆ ಸರಿಯಾಗಿ ಕಾಣುತ್ತಿತ್ತು. ಸ್ಟ್ಯಾಂಡು ಹೋದ ಮೇಲೆ ಕಾಂತಪ್ಪ ಇಣುಕಿದ, ಖಾಲಿ ಕಂಡಿತು, ಸುರಿದ. ಮತ್ತೆ ಇಣುಕಿದ, ಮತ್ತೆ ಸುರಿದ. ಹೊಟ್ಟೆ ತುಂಬಿದ ಎಂಜಿನ್ನು ಹೆಚ್ಚಾದದ್ದನ್ನು ಉಸಿರಾಡುವ ಕೊಳವೆಯಿಂದ ಏರ್ ಫಿಲ್ಟರಿನ ಕಡೆಗೆ ಕಕ್ಕಿತು. ಅದು ಗಾಳಿಯ ಜೊತೆ ಮತ್ತೆ ಒಳಗೆ ಹೋಗಿ ಉರಿದು ಹೊಗೆಯಾಯಿತು. ಫಿಲ್ಟರಿನ ಡಬ್ಬಿ ಬಿಚ್ಚಿದರೆ ಒಳಗೆ ಎಣ್ಣೆಯ ಕೆರೆ ಇತ್ತು.

ಅಂದರೆ ಗಾಡಿ ಕುಡಿಯುತ್ತಿರಲಿಲ್ಲ. ಕುಡಿಯುತ್ತದೆ ಎಂದು ನಾವು ಅನುಮಾನಪಟ್ಟು ಕುಡಿಸಿ ಕುಡಿಸಿ, ಅದು ನಿಜವಾಗಿಯೂ ಕುಡಿಯತೊಡಗಿತ್ತು.

ಈ ವಾಕ್ಯ ಬರೆದ ಕೂಡಲೇ ನನ್ನೊಳಗಿನ ಲೇಖಕ ಕುರ್ಚಿಯಿಂದ ಎದ್ದು ನಿಂತ. ಇಷ್ಟು ಒಳ್ಳೆಯ ಸಮಾನಾಂತರ ಬದುಕಿನಲ್ಲಿ ಒಮ್ಮೆ ಸಿಗುತ್ತದೆ. ಕುಡಿಯದ ಗಂಡಸು, ಅನುಮಾನಪಡುವ ಹೆಂಡತಿ. ಕಾಂತಪ್ಪ ಕುಡಿದುಬಿಟ್ಟರೆ ಕತೆ ತಾನೇ ತಾನಾಗಿ ಮುಗಿಯುತ್ತದೆ. ಹೆಂಡ ನಿಷೇಧವಿರುವ ಈ ದೇಶದಲ್ಲಿ ಅಬ್ಬಾಸಿಯಾದ ಯಾವುದೋ ರೂಮಿನಲ್ಲಿ ನೀರಿನ ಬಾಟಲಿಯಲ್ಲಿ ಸಿಗುವ, ಕುಡಿದವರ ಕಣ್ಣು ಹೋಗುವ ಆ ಕಳ್ಳ ಮಾಲು. ಬರೆದು ಮುಗಿಸಿ ಅವನಿಗೆ ಫೋನಿನಲ್ಲಿ ಓದಿ ಹೇಳಿದೆ.

“ಸರ್, ನಿಮ್ಮ ಕತೆ ಚಂದ ಆಗ್ಲಿಕ್ಕೆ ನಾನು ಕುಡೀಬೇಕಾ?”

“ಕತೆಯಲ್ಲಿ ಮಾತ್ರ ಕಾಂತಪ್ಪ.”

“ಪುಷ್ಪ ಓದುದು ಕತೆಯನ್ನೇ ಅಲ್ವಾ? ಒಂದು ವಾಕ್ಯ ಓದಿದ್ದಕ್ಕೇ ಇಷ್ಟಾಗಿದೆ.”

ನಾನು ರೂಪಕ, ರಚನೆ ಎಂದು ಏನೇನೋ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಸ್ವರ ತಗ್ಗಿಸಿ ಹೇಳಿದ:

“ಅವಳು ಫೋನ್ ಎತ್ತುದು ನಿಲ್ಲಿಸಿದ ವಾರ ಶೈಲೇಶನ ದೋಸ್ತ್ ಒಬ್ಬ ಬಾಟ್ಲಿ ತಂದಿದ್ದ ಸರ್. ಹೇಗೂ ಕುಡುಕ ಅಂತ ಹೆಸರು ಬಂದಾಯ್ತಲ್ಲ ಅಂತ ಕೈಯಲ್ಲಿ ತಗೊಂಡೆ. ಮುಚ್ಚಳ ತೆಗೆದೆ. ವಾಸನೆ ಮೂಗಿಗೆ ಬಂತು. ಆಮೇಲೆ ವಾಪಸ್ ಹಾಕಿ ಕೊಟ್ಟೆ. ಇದನ್ನು ಮಾತ್ರ ಬರೀಬೇಡಿ.”

ಬರೆಯುವುದಿಲ್ಲ ಎಂದೆ. [ಲೇಖಕರ ಮಾತು. ಪುಷ್ಪಾವತಿಯವರೇ, ಇಲ್ಲಿಯವರೆಗೆ ಓದಿದ್ದರೆ ಒಂದು ವಿನಂತಿ: ಅವನು ಮುಚ್ಚಳ ಮತ್ತೆ ಹಾಕಿದ ಎನ್ನುವಲ್ಲಿ ಸ್ವಲ್ಪ ನಿಲ್ಲಿ.]

ಆ ಕುಡಿಯುವ ಅಂತ್ಯವನ್ನು ಹರಿದು ಹಾಕಿದೆ.

೭

ಉಳಿದ ಅಂತ್ಯಗಳು:

ಅ) ಪುಷ್ಪಾವತಿ ಬರುತ್ತಾಳೆ. ಇಬ್ಬರೂ ಹೊಗೆ ಬಿಡದ ಬೈಕಿನಲ್ಲಿ ಸಮುದ್ರಕ್ಕೆ ಹೋಗುತ್ತಾರೆ. (ನಿಧಿ: “ಟೂತ್‌ಪೇಸ್ಟ್ ಜಾಹೀರಾತು.”)

ಆ) ಬರುವುದಿಲ್ಲ. ಕಾಂತಪ್ಪ ಒಬ್ಬನೇ ಹೋಗುತ್ತಾನೆ. (ಕಾಂತಪ್ಪ: “ನಾನು ಹೋಗುದಿಲ್ಲ. ಆ ಪೆಟ್ರೋಲ್ ಯಾಕೆ ವೇಸ್ಟ್?”)

ಇ) ಶೈಲೇಶ್ ಗ್ರೂಪಿನಲ್ಲಿ ತಿದ್ದುಪಡಿ ಹಾಕುತ್ತಾನೆ: ‘ಕಾಂತಪ್ಪಣ್ಣನದ್ದು ಎಣ್ಣೆ ಕುಡಿಯೋದು ನಿಂತಿದೆ.’ (ಇದು ನಿಜವಾಗಿಯೂ ನಡೆಯಿತು. ಪರಿಣಾಮವನ್ನು ನೀವು ಊಹಿಸಬಹುದು. ಊರಿನಿಂದ ಅಭಿನಂದನೆಗಳು ಬಂದವು.)

೮

ಶುಕ್ರವಾರ ಬೆಳಿಗ್ಗೆ ಹೆಚ್ಚಾದ ಎಣ್ಣೆಯನ್ನೆಲ್ಲ ಇಳಿಸಿ, ಫಿಲ್ಟರ್ ಬದಲಿಸಿದೆವು. ಸ್ಟಾರ್ಟ್ ಮಾಡಿದೆವು. ಮೊದಲು ಒಂದಷ್ಟು ನೀಲಿ ಬಂತು, ಸೈಲೆನ್ಸರಿನೊಳಗೆ ಉಳಿದ ಹಳೆಯದಿರಬಹುದು, ಹೊಸದೂ ಇರಬಹುದು. ಆಫ್ ಮಾಡಿದೆವು. ಈಗ ಗಾಡಿಯನ್ನು ನೆಟ್ಟಗೆ ಹಿಡಿದು, ಮೇಲಿನ ಎಣ್ಣೆಯೆಲ್ಲ ಕೆಳಗೆ ಇಳಿಯುವವರೆಗೆ ಕಾದು, ಆಮೇಲೆ ಕಿಟಕಿ ನೋಡಬೇಕು. ಕಾಂತಪ್ಪ ಹ್ಯಾಂಡಲ್ ಹಿಡಿದು ನಿಂತ. ಅವನ ಫೋನು ನನ್ನ ಕೈಯಲ್ಲಿತ್ತು, ಕಿಟಕಿಯ ವಿಡಿಯೋ ಮಾಡಿ ಪುಷ್ಪಾವತಿಗೆ ಕಳಿಸಲು.

ಆಗ ಫೋನು ರಿಂಗಾಗತೊಡಗಿತು. ಪರದೆಯ ಮೇಲೆ ‘ಪುಷ್ಪ’.

“ಹಿಡ್ಕೊಳ್ಳಿ ಸರ್,” ಎಂದು ಕಾಂತಪ್ಪ ಗಾಡಿಯನ್ನು ನನ್ನ ಕೈಗೆ ದಾಟಿಸಿ ಫೋನು ಕಸಿದುಕೊಂಡ. “ವಾಲಿಸ್ಬೇಡಿ.”

ಅವನು ಮಾತಾಡುತ್ತ ಜಾಗದ ಆ ತುದಿಯಲ್ಲಿ ನಿಂತಿದ್ದ ನೀರಿನ ಟ್ಯಾಂಕರಿನವರೆಗೆ ಹೋದ. ತುಳುವಿನಲ್ಲಿ ಏನೋ ಹೇಳುತ್ತಿದ್ದಾನೆ, ನನಗೆ ಆ ಭಾಷೆ ಬಾರದು, ಈ ದೂರಕ್ಕೆ ಸರಿಯಾಗಿ ಕೇಳಿಸುವುದೂ ಇಲ್ಲ. ಹತ್ತಿರ ಹೋಗೋಣವೆಂದರೆ ಗಾಡಿಗೆ ಡಬಲ್ ಸ್ಟ್ಯಾಂಡಿಲ್ಲ. ಕಿಟಕಿಯಲ್ಲಿ ಗೆರೆ ಎಲ್ಲಿದೆ ಎಂದು ನೋಡೋಣವೆಂದರೆ ಬಗ್ಗಬೇಕು, ಬಗ್ಗಿದರೆ ಗಾಡಿ ವಾಲುತ್ತದೆ, ವಾಲಿದರೆ ಗೆರೆ ಸುಳ್ಳು ಹೇಳುತ್ತದೆ. ಈ ಕತೆಯ ಲೇಖಕ ನಾನು, ಮತ್ತು ಈ ಕತೆಯಲ್ಲಿ ಏನೂ ಕಾಣದ ಏಕೈಕ ಜಾಗದಲ್ಲಿ ಕಾಂತಪ್ಪ ನನ್ನನ್ನು ನಿಲ್ಲಿಸಿ ಹೋಗಿದ್ದಾನೆ.

ಕಾಂತಪ್ಪ ಒಮ್ಮೆ ನನ್ನ ಕಡೆ ತಿರುಗಿ ಕೈ ಎತ್ತಿದ. ‘ಇನ್ನು ಸ್ವಲ್ಪ ಹಿಡ್ಕೊಳ್ಳಿ’ ಅಂತಲೋ, ‘ಸಾಕು, ಬಿಟ್ಬಿಡಿ’ ಅಂತಲೋ ತಿಳಿಯಲಿಲ್ಲ. ಮತ್ತೆ ಬೆನ್ನು ತಿರುಗಿಸಿದ.

ನೀವು ಬೇಕಾದರೆ ಹೋಗಿ ಕೇಳಿಕೊಂಡು ಬನ್ನಿ, ಓದುಗರೇ. ನನ್ನ ಕೈ ಸೋಲುತ್ತಿದೆ, ಆದರೂ ನಾನು ಗಾಡಿ ನೆಟ್ಟಗೆ ಹಿಡಿದುಕೊಂಡೇ ಇದ್ದೇನೆ.