ಜೋಡಿ ರಾಣಿ

ಅಂಚೆ ಅತ್ತೆಗೆ ಆ ಹೆಸರಿಟ್ಟವರು ಅಣ್ಣನ ಮಕ್ಕಳು. ವರ್ಷಕ್ಕೆ ಎರಡೇ ಸಲ ಬರುವ, ಬಂದಾಗಲೆಲ್ಲ ಎದೆಗೊಂದು ಚೀಲ ಅವುಚಿಕೊಂಡೇ ಬರುವ ಅತ್ತೆಗೆ ಮಕ್ಕಳು ಇನ್ನೇನೆಂದು ಕರೆದಾರು? ಮಕ್ಕಳು ಬೆಳೆದು ಅವರವರ ದಾರಿ ನೋಡಿಕೊಂಡರೂ ಹೆಸರು ಮಾತ್ರ ಉಳಿದುಕೊಂಡಿತು. ಅಂಚೆಯವನಿಗಾದರೆ ವಯಸ್ಸಾದ ಮೇಲೆ ನಿವೃತ್ತಿ ಅಂತ ಒಂದಿರುತ್ತದೆ. ಅತ್ತೆಗೆ ಅದೂ ಇರಲಿಲ್ಲ.

ಚೀಲದಲ್ಲಿ ಇರುತ್ತಿದ್ದದ್ದು ಒಂದು ಟವೆಲ್, ಅದರೊಳಗೆ ಕನ್ನಡಕದ ತಗಡಿನ ಡಬ್ಬಿ, ಡಬ್ಬಿಯೊಳಗೆ ಪ್ಲಾಸ್ಟಿಕ್ಕಿನ ಪುಟಾಣಿ ಲಕೋಟೆ, ಲಕೋಟೆಯೊಳಗೆ ರಾಣಿ. ಒಬ್ಬಳಲ್ಲ, ಇಬ್ಬರು. ಪರದೇಶದವರು ಆಳುತ್ತಿದ್ದ ಕಾಲದ ಕಂದು ಬಣ್ಣದ ಎರಡು ಅಂಚೆಚೀಟಿಗಳು, ಒಂದಕ್ಕೊಂದು ಕೂಡಿಕೊಂಡೇ ಇದ್ದವು, ನಡುವೆ ಸಣ್ಣ ತೂತುಗಳ ಸಾಲು. ಒಂದರಲ್ಲಿ ರಾಣಿಯ ತಲೆ ನೆಟ್ಟಗಿತ್ತು, ಇನ್ನೊಂದರಲ್ಲಿ ಕಿರೀಟ ಕೆಳಗೆ, ಗಲ್ಲ ಮೇಲೆ. ಮುದ್ರಣಾಲಯದಲ್ಲಿ ಅಚ್ಚು ಜೋಡಿಸುತ್ತಿದ್ದ ಯಾವನೋ ಪುಣ್ಯಾತ್ಮ, ಆಕಳಿಸುತ್ತಿದ್ದನೋ ಏನೋ, ಹಾಳೆ ತುಂಬ ರಾಣಿಯರನ್ನು ಸರಿಯಾಗಿ ನಿಲ್ಲಿಸಿ ಒಬ್ಬಳನ್ನು ಮಾತ್ರ ತಲೆಕೆಳಗಾಗಿ ಇಟ್ಟುಬಿಟ್ಟಿದ್ದ. ತಪ್ಪು ಗೊತ್ತಾದ ಮೇಲೆ ಹಾಳೆಗಳನ್ನು ಸುಟ್ಟರು. ಎಲ್ಲೋ ಒಂದೆರಡು ತಪ್ಪಿಸಿಕೊಂಡವು.

ಇಂಥ ತಪ್ಪಿಗಾಗಿಯೇ ಸಂಗ್ರಹಕಾರರು ಜೀವ ಬಿಡುತ್ತಾರೆ. ಆದರೆ ಬೆಲೆ ಇರುವುದು ಇಬ್ಬರೂ ಕೂಡಿಕೊಂಡಿರುವ ತನಕ ಮಾತ್ರ. ತೂತಿನ ಸಾಲು ಹರಿಯಿತೋ, ತಲೆಕೆಳಗಾದವಳನ್ನು ಯಾರು ಬೇಕಾದರೂ ತಿರುಗಿಸಿ ಇಡಬಹುದು. ಆಮೇಲೆ ಯಾವಳು ತಲೆಕೆಳಗಾಗಿದ್ದಳು ಎಂದು ಅಚ್ಚು ಹಾಕಿದವನೂ ಹೇಳಲಾರ. ಎರಡೂ ರದ್ದಿಯಲ್ಲಿ ಸಿಗುವಂಥ ಮಾಮೂಲಿ ಚೀಟಿಗಳು.

ಇದರ ಒಡೆಯರು ಇಬ್ಬರು, ಅತ್ತೆಯ ಅಣ್ಣ ಮತ್ತು ಅತ್ತೆಯ ಗಂಡ. ಹುಡುಗರಾಗಿದ್ದಾಗ ಇಬ್ಬರೂ ಒಂದೇ ಬೆಂಚಿನ ಗೆಳೆಯರು. ಹಳೇ ಕಾಗದದ ಅಂಗಡಿಯೊಂದರಲ್ಲಿ ಇಬ್ಬರ ಕಣ್ಣಿಗೂ ಒಟ್ಟಿಗೇ ಬಿದ್ದ ಈ ಜೋಡಿಯನ್ನು ಇಬ್ಬರೂ ಸೇರಿ ಕೊಂಡಿದ್ದರು. ಆರು ತಿಂಗಳು ಇವನ ಮನೆಯಲ್ಲಿ, ಆರು ತಿಂಗಳು ಅವನ ಮನೆಯಲ್ಲಿ ಎಂದು ಮಾತಾಗಿತ್ತು. ತನ್ನ ಸರದಿಯಲ್ಲದಾಗಲೂ ಸ್ಟಾಂಪು ನೋಡುವ ನೆಪದಲ್ಲಿ ಗೆಳೆಯನ ಮನೆಗೆ ಬಂದವನು ಗೆಳೆಯನ ತಂಗಿಯನ್ನು ನೋಡಿಕೊಂಡು ಹೋದ. ಹಾಗಾಗಿ ಅತ್ತೆಯ ಮದುವೆಗೂ ಆ ರಾಣಿಯರೇ ಕಾರಣ. ಅದಕ್ಕಾಗಿ ಅವರನ್ನು ಹರಸಬೇಕೋ ಶಪಿಸಬೇಕೋ ಎಂಬುದು ಅತ್ತೆಗೆ ಇನ್ನೂ ತೀರ್ಮಾನವಾಗಿರಲಿಲ್ಲ.

ಆಮೇಲೆ ಒಂದು ಪ್ರದರ್ಶನ ನಡೆಯಿತು. ಗಾಜಿನ ಪೆಟ್ಟಿಗೆಯಲ್ಲಿ ಜೋಡಿ ರಾಣಿ, ಕೆಳಗೆ ಒಡೆಯರ ಹೆಸರು ಬರೆದ ಚೀಟಿ. ಚೀಟಿಯಲ್ಲಿ ಗಂಡನ ಹೆಸರು ಮಾತ್ರ ಇತ್ತು. ಅಚ್ಚು ಹಾಕಿದವನ ತಪ್ಪು ಎಂದ ಗಂಡ. ಬರೆದು ಕೊಟ್ಟವನ ತಪ್ಪು ಎಂದ ಅಣ್ಣ. ಕಳ್ಳ ಎಂಬ ಮಾತು ಬಂತು, ಹೊಟ್ಟೆಕಿಚ್ಚು ಎಂಬ ಮಾತು ಬಂತು. ಜಗತ್ತಿನ ತಪ್ಪುಗಳನ್ನೆಲ್ಲ ಭೂತಗನ್ನಡಿ ಹಿಡಿದು ಹುಡುಕಿ, ಮುದ್ದಿಸಿ ಇಟ್ಟುಕೊಳ್ಳುವ ಈ ಮಹಾನುಭಾವರಿಗೆ ಇದೊಂದು ತಪ್ಪು ಮಾತ್ರ ನುಂಗಲಾಗಲಿಲ್ಲ. "ಇನ್ನು ಆ ಮನೆ ಹೊಸ್ತಿಲು ನಾನೂ ತುಳಿಯಲ್ಲ, ನೀನೂ ತುಳಿಯಕೂಡದು" ಎಂದು ಗಂಡ ಹೆಂಡತಿಗೆ ಹೇಳಿದ.

ಆದರೆ ಆರು ತಿಂಗಳಾಗುತ್ತಲೇ ಸರದಿ ಬಂತಲ್ಲ! ಮಾತು ಬಿಟ್ಟರೂ ಸರದಿ ಬಿಡುವುದಕ್ಕೆ ಇಬ್ಬರೂ ತಯಾರಿರಲಿಲ್ಲ. "ಸ್ಟಾಂಪು ಕೊಡೋಕೆ, ತರೋಕೆ ಮಾತ್ರ ಹೋಗು" ಎಂದು ಗಂಡ ಗಂಟು ಸಡಿಲಿಸಿದ. ಅಂದಿನಿಂದ ಅತ್ತೆ ಅಂಚೆ ಅತ್ತೆಯಾದರು. ಅವರ ತವರು ಕನ್ನಡಕದ ಡಬ್ಬಿಯ ಗಾತ್ರಕ್ಕಿಳಿಯಿತು. ಡಬ್ಬಿ ಇದ್ದರೆ ಅಣ್ಣನ ಮನೆ, ಇಲ್ಲದಿದ್ದರೆ ಇಲ್ಲ.

ಈ ಸಲ ಹೊರಡುವಾಗಲೇ ಅತ್ತೆಗೆ ಸಾಕಾಗಿತ್ತು. ಬಸ್ಸು ಬದಲಾಯಿಸಬೇಕು, ನಡುವಿನ ನಿಲ್ದಾಣದಲ್ಲಿ ಕೂರಲು ಜಾಗ ಇರುವುದಿಲ್ಲ, ಮೆಟ್ಟಿಲು ಹತ್ತುವಾಗ ಮಂಡಿ ಕಟಕ್ ಎನ್ನುತ್ತದೆ. ಗಂಡನ ಪಾಠ ಬೇರೆ. "ಕಿಟಕಿ ಪಕ್ಕ ಕೂರ್ಬೇಡ, ಬಿಸಿಲು ಬೀಳುತ್ತೆ. ಚೀಲ ಕಾಲ ಹತ್ರ ಇಡ್ಬೇಡ. ನೀರಿನ ಬಾಟ್ಲು ಅದರ ಜೊತೆ ಬೇಡ."

"ನೀರು ಕುಡೀಬಹುದಾ, ಅದೂ ಬೇಡ್ವಾ?" ಎಂದರು ಅತ್ತೆ.

"ಕುಡಿ, ಕುಡಿ. ದೂರ ಹಿಡ್ಕೊಂಡು ಕುಡಿ."

ಮೊದಲ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಯಾರದೋ ಮೊಣಕೈ ಚೀಲಕ್ಕೆ ಬಡಿಯಿತು, ಇಳಿಯುವಾಗ ಹಿಂದಿನಿಂದ ಒಬ್ಬ ತಳ್ಳಿದ. ನಿಲ್ದಾಣದಲ್ಲಿ ಕಂಬಕ್ಕೆ ಒರಗಿ ನಿಂತು, ಮನಸ್ಸು ತಡೆಯದೆ ಅತ್ತೆ ಡಬ್ಬಿ ತೆಗೆದು ನೋಡಿದರು. ಲಕೋಟೆಯೊಳಗೆ ಒಬ್ಬ ರಾಣಿ ಇನ್ನೊಬ್ಬಳ ಮೇಲೆ ಜಾರಿ ಕೂತಿದ್ದಳು. ಎರಡು ಬೇರೆ ಬೇರೆ ಚೀಟಿಗಳು.

ಸುತ್ತ ಜನ ಓಡಾಡುತ್ತಿದ್ದರು, ಟಿಕೆಟ್ಟಿನವನು ಊರುಗಳ ಹೆಸರು ಕೂಗುತ್ತಿದ್ದ. ಅತ್ತೆ ಡಬ್ಬಿ ಮುಚ್ಚಿ ಮತ್ತೆ ಎದೆಗೆ ಅವುಚಿಕೊಂಡರು. ಅವರಿಗೆ ದುಃಖವಾದದ್ದು ರಾಣಿಗಾಗಿ ಅಲ್ಲ, ನಿಜ ಹೇಳಬೇಕೆಂದರೆ ಆ ಮೂತಿ ನೋಡಿ ನೋಡಿ ಅವರಿಗೆ ವಾಕರಿಕೆ ಬಂದಿತ್ತು. ಜೋಡಿ ಹೋಯಿತು ಎಂದರೆ ಸರದಿ ಹೋಯಿತು. ಸರದಿ ಹೋದರೆ ಅಣ್ಣನ ಮನೆಯ ಬಾಗಿಲು ಮುಚ್ಚಿತು. ಇಷ್ಟು ವರ್ಷ ಮಂಡಿ ಸವೆಸಿ ಉಳಿಸಿಕೊಂಡ ತವರನ್ನು ಯಾವನದೋ ಮೊಣಕೈ ಕಿತ್ತುಕೊಂಡಿತ್ತು. ವಾಪಸ್ ಹೋಗೋಣವೇ ಎಂದುಕೊಂಡರು. ಅಂಗಡಿಯಿಂದ ಅಂಟು ತಂದು ಹಚ್ಚೋಣವೇ ಎಂದೂ ಅಂದುಕೊಂಡರು. ಅಷ್ಟರಲ್ಲಿ ಎರಡನೇ ಬಸ್ಸು ಬಂತು, ಅಪರೂಪಕ್ಕೆ ಸೀಟು ಖಾಲಿ ಇತ್ತು. ಕಾಲುಗಳು ತಾವಾಗಿಯೇ ಹತ್ತಿದವು.

ಅಣ್ಣನ ಮನೆ ಅವನ ಕನ್ನಡಕದಂಗಡಿಯ ಮೇಲೇ ಇತ್ತು. ಅತ್ತಿಗೆ ಬಾಗಿಲು ತೆಗೆದು, "ಇದೇನಮ್ಮ ಮುಖ ಹೀಗಾಗಿದೆ, ಮೊದ್ಲು ಕೂತ್ಕೋ" ಎಂದು ಟೀ ಇಡಲು ಒಳಗೆ ಹೋದಳು. ಅಣ್ಣ ಕಿಟಕಿಯ ಪಕ್ಕದ ಮೇಜಿನ ಮುಂದೆ ಕಾಯುತ್ತಿದ್ದ. ಬಟ್ಟೆ ಹಾಸಿ, ಚಿಮುಟ, ಭೂತಗನ್ನಡಿ ಎಲ್ಲ ಜೋಡಿಸಿಟ್ಟಿದ್ದ. ತಂಗಿಯ ಮುಖ ನೋಡುವ ಮೊದಲೇ ಕೈ ಚಾಚಿದ.

"ಹುಷಾರಾಗಿದೆಯಾ?"

ಪ್ರತಿ ಸಲ ಇದೇ ಪ್ರಶ್ನೆ. ಪ್ರತಿ ಸಲ ಅದು ತನ್ನನ್ನು ಕೇಳಿದ್ದಲ್ಲ ಎಂದು ಅತ್ತೆಗೆ ಗೊತ್ತಿತ್ತು. ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ಅಣ್ಣಾ, ಬಸ್ಸಲ್ಲಿ ನೂಕಾಟ... ನಾನು ಎದೆಗೇ ಇಟ್ಕೊಂಡಿದ್ದೆ, ಆಣೆ ಮಾಡಿ ಹೇಳ್ತೀನಿ..." ಸೆರಗಿನಿಂದ ಕಣ್ಣೊರೆಸಿಕೊಂಡರು. ಈ ವಯಸ್ಸಿನಲ್ಲಿ ಗಾಜು ಒಡೆದ ಹುಡುಗಿಯ ಹಾಗೆ ನಿಂತಿದ್ದೇನಲ್ಲ ಎಂದು ತಮ್ಮ ಮೇಲೇ ಸಿಟ್ಟು ಬಂತು.

ಅಣ್ಣ ಲಕೋಟೆ ತೆರೆದ. ಚಿಮುಟದಲ್ಲಿ ಚೀಟಿಗಳನ್ನು ಹಿಂದುಮುಂದು ಮಾಡಿ ನೋಡಿ, ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡ.

"ಅಳಬೇಡ. ಬಸ್ಸಲ್ಲಿ ಬಿಟ್ಟಿದ್ದು ಅಂಟು. ಸ್ಟಾಂಪಲ್ಲ."

"ಅಂದ್ರೆ?"

"ಇಲ್ಲಿ ನೋಡು." ಭೂತಗನ್ನಡಿಯನ್ನು ತಂಗಿಯ ಕೈಗೆ ಕೊಟ್ಟ. ಚೀಟಿಗಳ ಬೆನ್ನಿನ ಮೇಲೆ, ಅಂಚಿನುದ್ದಕ್ಕೂ, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದದ ಪಟ್ಟಿ ಹರಿದುಕೊಂಡಿತ್ತು. ಅದರ ಕೆಳಗೆ ಇನ್ನೊಂದು ಪಟ್ಟಿ, ಅದರ ಕೆಳಗೆ ಮತ್ತೊಂದು. "ತೂತಿನ ಸಾಲು ಹರಿದು ಯಾವ ಕಾಲ ಆಯ್ತೋ. ಅಮ್ಮ ತೀರಿಕೊಂಡ ವರ್ಷ ನೀನು ತಂದ್ಯಲ್ಲ, ಆಗ್ಲೇ ಹಿಂದುಗಡೆ ಪಟ್ಟಿ ಇತ್ತು. ನಿನ್ನ ಗಂಡನ ಕೈಚಳಕ. ಆಮೇಲೆ ಇಲ್ಲಿದ್ದಾಗ ಸಡಿಲ ಆಯ್ತು, ನಾನೊಂದು ಹಚ್ಚಿದೆ. ಅಲ್ಲಿಗೆ ಹೋಗಿ ಬಂದಾಗ ನನ್ನದರ ಮೇಲೆ ಅವನದೊಂದು. ಹಾಗೇ ನಡೀತು. ಅವನ ಅಂಟು ಮಾತ್ರ ದರಿದ್ರದ್ದು, ಒಂದು ಬೇಸಿಗೆಗೆ ತಡೆಯಲ್ಲ."

"ಹಾಗಾದ್ರೆ ಅವರಿಗೂ ಗೊತ್ತು?"

"ಗೊತ್ತಿಲ್ದೆ ಏನು? ಅವನ ಕಣ್ಣು ನನ್ನ ಕಣ್ಣಿಗಿಂತ ಚುರುಕು."

"ಮತ್ತೆ ಇಬ್ಬರೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಾ?"

ಅಣ್ಣ ಚಿಮುಟವನ್ನು ಬಟ್ಟೆಯ ಮೇಲೆ ಒಮ್ಮೆ ಉದ್ದಕ್ಕಿಟ್ಟ, ಒಮ್ಮೆ ಅಡ್ಡಕ್ಕಿಟ್ಟ. "ಹೇಳಿದ್ರೆ ಅಲ್ಲಿಗೆ ಮುಗೀತಲ್ಲಮ್ಮ. ಜೋಡಿ ಇಲ್ಲ ಅಂತ ಒಪ್ಕೊಂಡ್ರೆ ಸರದಿ ಎಲ್ಲಿಂದ ಬರುತ್ತೆ? ನೀನು ಯಾವ ನೆಪಕ್ಕೆ ಬರ್ತಿದ್ದೆ?"

ಅತ್ತಿಗೆ ಟೀ ತಂದಿಟ್ಟು, ಅಲ್ಲಿನ ಗಾಳಿ ನೋಡಿ, ಸುಮ್ಮನೆ ಒಳಗೆ ಹೋದಳು. ಅತ್ತೆ ಕುರ್ಚಿಯಲ್ಲಿ ಕುಸಿದರು. ಮೊದಲು ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ಕೋಪ ಬಂತು.

"ನೆಪ! ನಿಮಗೆ ನೆಪ, ನನಗೆ ಮಂಡಿ ನೋವು. ಮಳೆಯಲ್ಲಿ ಬಂದಿದೀನಿ, ಜ್ವರದಲ್ಲಿ ಬಂದಿದೀನಿ. ಬಸ್ಸಲ್ಲಿ ಒಂದು ಸಲವಾದ್ರೂ ಕಣ್ಣು ಮುಚ್ಚಿದ್ದಿಲ್ಲ, ಇದಕ್ಕೆ ಏನಾದ್ರೂ ಆದೀತು ಅಂತ. ಅಂಟಿಸಿದ ಕಾಗದಕ್ಕೋಸ್ಕರ! ನಾನು ಬರಬೇಕು ಅಂತಿದ್ರೆ ಬಾ ಅನ್ನೋಕೆ ಆಗ್ತಿರ್ಲಿಲ್ವಾ ನಿನಗೆ?"

"ನಿನ್ನ ಗಂಡ ಬಿಡ್ಬೇಕಲ್ಲ."

"ನೀನು ಕರೆದು ನೋಡಿದ್ಯಾ?"

ಅಣ್ಣ ಕರೆದಿರಲಿಲ್ಲ. ಇನ್ನೂ ಬೈಯಬೇಕೆಂದು ಬಾಯಿ ತೆರೆದ ಅತ್ತೆಗೆ, ತಾವೂ ಒಂದು ದಿನವಾದರೂ ಡಬ್ಬಿ ಇಲ್ಲದೆ ಹೊರಟು ನೋಡಿರಲಿಲ್ಲ ಎಂಬುದು ನೆನಪಾಯಿತು. ಹೊರಟಿದ್ದರೆ ಯಾರು ಕಾಲು ಹಿಡಿದು ಎಳೆಯುತ್ತಿದ್ದರು? ಮೂವರೂ ಸೇರಿ ಒಂದು ತುಂಡು ಕಾಗದದ ಅಪ್ಪಣೆಗೆ ಕಾದು ಕೂತಿದ್ದರು. ಕೋಪವೂ ಇಳಿಯಿತು, ಉಳಿದದ್ದು ಸುಸ್ತು. ಟೀ ತಣ್ಣಗಾಗುವ ಮೊದಲು ಕುಡಿದರು.

ಅಣ್ಣ ಡ್ರಾಯರ್ ಎಳೆದು ಹೊಸ ಪಟ್ಟಿ ತೆಗೆದ. "ಈಗ ಹಚ್ಚಿಬಿಡ್ತೀನಿ. ನೀನು ಏನೂ ಹೇಳ್ಬೇಡ. ಮೊದಲಿನ ಹಾಗೇ..."

"ಮುಟ್ಬೇಡ" ಎಂದರು ಅತ್ತೆ.

ಮೇಜಿಗೆ ಬಾಗಿ ಎರಡು ಚೀಟಿಗಳನ್ನೂ ನೋಡಿದರು. "ಇದರಲ್ಲಿ ತಲೆಕೆಳಗಾಗಿದ್ದೋಳು ಯಾರು?"

"ಈಗ ಯಾರೂ ಅಲ್ಲ."

ಅತ್ತೆ ಒಂದನ್ನು ಬರಿ ಬೆರಳಲ್ಲೇ ಎತ್ತಿಕೊಂಡರು. ಅಣ್ಣ ಹೌಹಾರಿ ಚಿಮುಟ ಮುಂದೆ ಹಿಡಿದರೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಚೀಟಿಯನ್ನು ಡಬ್ಬಿಗೆ ಹಾಕಿ ಮುಚ್ಚಿದರು. "ಅದು ನಿಂದು, ಇದು ಅವರದು. ಜೋಡಿಯಾಗಿ ನೋಡ್ಬೇಕು ಅಂತ ಯಾರಿಗೆ ಅನ್ಸುತ್ತೋ ಅವರಿಗೆ ಕಾಲಿದೆ, ಬಸ್ಸಿದೆ. ನಾನು ಇನ್ನು ಹೊರಲ್ಲ. ನಾನು ಬರೋದಾದ್ರೆ ಕೈ ಬೀಸ್ಕೊಂಡು ಬರ್ತೀನಿ. ಇವತ್ತು ರಾತ್ರಿ ಇಲ್ಲೇ ಮಲಗ್ತೀನಿ, ಅತ್ತಿಗೆಗೆ ಹೇಳು."

ಅಣ್ಣನ ಮನೆಯಲ್ಲಿ ಅತ್ತೆ ರಾತ್ರಿ ಉಳಿದು ಎಷ್ಟೋ ಕಾಲವಾಗಿತ್ತು. ಗೋಡೆ ಪಕ್ಕದ ಹಾಸಿಗೆಯಲ್ಲಿ ಬಿದ್ದವರು ಬೆಳಗಿನವರೆಗೂ ಮಗ್ಗಲು ಬದಲಿಸಲಿಲ್ಲ.

ಮರುದಿನ ಮನೆ ಸೇರಿದಾಗ ಗಂಡ ಗೇಟಿನಲ್ಲೇ ನಿಂತಿದ್ದ. ರಾತ್ರಿಯೆಲ್ಲ ನಿದ್ದೆಗೆಟ್ಟ ಮುಖ. "ರಾತ್ರಿ ಎಲ್ಲಿ ಉಳಿದಿದ್ದೆ? ಕೊಟ್ಟು ಬಂದ್ಯಾ?"

ಅತ್ತೆ ಡಬ್ಬಿ ಬಿಚ್ಚಿ ತೋರಿಸಿದರು. ಒಂಟಿ ರಾಣಿ. ಗಂಡ ಡಬ್ಬಿಯ ಮೂಲೆಗಳನ್ನು ಬೆರಳಿಂದ ತಡಕಿದ.

"ಇನ್ನೊಂದು?"

"ಅಲ್ಲಿದೆ."

"ನಿಮ್ಮಣ್ಣ ಏನಂದ?"

"ನಿಮ್ಮ ಅಂಟು ದರಿದ್ರದ್ದು ಅಂದ."

ಗಂಡ ಮೆಟ್ಟಿಲ ಮೇಲೆ ಕೂತುಬಿಟ್ಟ. ಆಮೇಲೆ ನೆಲ ನೋಡುತ್ತ, "ಹೋಗಕೂಡದು ಅಂತ ಅಂದ್ಬಿಟ್ಟಿದ್ದೆನಲ್ಲ. ಅಂದಿದ್ದನ್ನ ವಾಪಸ್ ತಗೊಳ್ಳೋಕೆ ನಾಲಿಗೆ ಏಳಲಿಲ್ಲ. ಅಂಟಿಸೋದೇ ಸುಲಭ ಅನ್ನಿಸ್ತು" ಎಂದ. ಅತ್ತೆಗೆ ಅಯ್ಯೋ ಎನಿಸಿತು. ಆದರೆ ಹಾಗೆಂದು ಹೇಳಲಿಲ್ಲ. ಚಪ್ಪಲಿ ಬಿಟ್ಟು, ಅವನನ್ನು ದಾಟಿಕೊಂಡು ಒಳಗೆ ಹೋಗಿ ಕಾಲು ಚಾಚಿದರು.

ಗಂಡ ಒಂಟಿ ರಾಣಿಯನ್ನು ಆಲ್ಬಮ್ಮಿಗೆ ಹಾಕಿದ. ಒಂದು ದಿನ ನೆಟ್ಟಗಿಟ್ಟರೆ ಇನ್ನೊಂದು ದಿನ ತಲೆಕೆಳಗಾಗಿ ಇಟ್ಟು ನೋಡುತ್ತಿದ್ದ. ಹೇಗಿಟ್ಟರೂ ಅವಳು ಮಾಮೂಲಿ ರಾಣಿಯೇ. ಊಟಕ್ಕೆ ಕರೆದರೆ ಗೊಣಗಿದ, ಟೀ ಕೊಟ್ಟರೆ ಸಕ್ಕರೆ ಇಲ್ಲ ಎಂದ. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ನಡುವೆ ಒಂದು ವಾರ ಹೇಳದೆ ಕೇಳದೆ ಅಣ್ಣನ ಮನೆಗೆ ಹೋಗಿ ಬಂದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಬಿಸಿಲಿಗೆ ಮುಖ ಕೊಟ್ಟು, ಬಾಯಿ ಬಿಟ್ಟುಕೊಂಡು ನಿದ್ದೆ ಹೊಡೆದರು.

ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅತ್ತೆಯ ಹಾಸಿಗೆಯ ಪಕ್ಕ ಬಂದು ನಿಂತ. ಜೇಬಿನಲ್ಲಿ ಕನ್ನಡಕದ ಡಬ್ಬಿ ಉಬ್ಬಿಕೊಂಡಿತ್ತು.

"ಬಸ್ಸು ಎಲ್ಲಿ ಬದಲಾಯಿಸ್ಬೇಕು?"

ಎದ್ದು ಹೇಳಿಬಿಡೋಣ, ಬೇಕಾದರೆ ಜೊತೆಗೇ ಹೋಗೋಣ ಎಂದು ಅತ್ತೆಯ ಮೈ ಅರ್ಧ ಎದ್ದೇಬಿಟ್ಟಿತ್ತು. ಮಂಡಿ ಕಟಕ್ ಎಂದಿತು. ಮತ್ತೆ ಒರಗಿದರು.

"ಕಂಡಕ್ಟರ್‌ನ ಕೇಳಿ."

ಗಂಡ ಹೋಗಲಿಲ್ಲ. ಜೇಬು ಮುಟ್ಟಿಕೊಂಡು, ಬಾಗಿಲ ತನಕ ಹೋಗಿ, ತಿರುಗಿ ಬಂದ. "ಅಲ್ಲ ಕಣೇ, ಒಬ್ಬನೇ ಹೋಗಿ ನಿಂತ್ರೆ ಅವನು ಏನಂತಾನೋ?"

"ಏನೂ ಅನ್ನಲ್ಲ. ಹುಷಾರಾಗಿದೆಯಾ ಅಂತ ಕೇಳ್ತಾನೆ."

"ನನ್ನನ್ನಾ?"

"ಸ್ಟಾಂಪನ್ನ" ಎಂದರು ಅತ್ತೆ. "ಹೌದು ಅನ್ನಿ. ನಿಮ್ಮನ್ನ ಕೇಳೋಕೆ ಅವನಿಗೆ ಸ್ವಲ್ಪ ಹೊತ್ತು ಬೇಕಾಗುತ್ತೆ. ಕಾಯಿರಿ."

ಗೇಟಿನ ಚಿಲಕ ಬಿದ್ದ ಸದ್ದು ಕೇಳಿತು. ಅತ್ತೆ ಹೊದಿಕೆಯನ್ನು ಕಿವಿಯ ಮೇಲೆ ಎಳೆದುಕೊಂಡು ಆ ಕಡೆಗೆ ಮಗ್ಗಲಾದರು.