ಕಾಬಾದತ್ತ ಹಿಡಿದ ನೂಲು

ಮಸೀದಿಯ ನೆಲಕ್ಕೆ ಹೊಸ ಕಲ್ಲು ಹಾಸುವ ಮುಂಚೆ ಅಳತೆಗೆ ಬಂದ ಸರ್ವೆಯವನು, ನಮಾಜಿಗೆ ಮುಖ ಮಾಡುವ ಮುಂದಿನ ಗೋಡೆ ಕಾಬಾದ ದಿಕ್ಕಿಗಿಲ್ಲ, ಎಡಕ್ಕೆ ಬಹಳ ಸರಿದಿದೆ ಎಂದ. ಆ ಗೋಡೆ ಕಟ್ಟಿದ ಮುದಿ ಮೇಸ್ತ್ರಿ ಅಲ್ಲೇ ಕಂಬಕ್ಕೊರಗಿ ಕೂತಿದ್ದ. ನಲವತ್ತು ವರ್ಷದ ಹಿಂದೆ ಸೂರ್ಯ ಮುಳುಗುವ ಕಡೆ ನೋಡಿ ನೂಲು ಹಿಡಿದವನು ಅವನೇ.

"ಏನ್ ಚಾಚಾ, ನಾನು ಅಂಗಿ ಇಷ್ಟು ಸೊಟ್ಟ ಹೊಲಿದಿದ್ರೆ ಬಿಡ್ತಿದ್ರಾ?" ಎಂದ ನೋಡಲು ನೆರೆದವರಲ್ಲೊಬ್ಬ ದರ್ಜಿ. ಎಲ್ಲರೂ ನಕ್ಕರು.

ಮೇಸ್ತ್ರಿ ಕಿಟಕಿಯಾಚೆ ನೋಡಿದ. ಮಸೀದಿಯ ಹಿಂದಿನ ಖಬರಸ್ತಾನದ ಗೋರಿಗಳನ್ನೆಲ್ಲ ಇದೇ ಗೋಡೆಯ ನೇರಕ್ಕೆ ತೋಡಿದ್ದು. ಹೋದ ಚಳಿಗಾಲ ಹೆಂಡತಿಯನ್ನು ಬಲಮಗ್ಗುಲಿಗೆ ಮಲಗಿಸಿ, ಮುಖ ಕಾಬಾದ ಕಡೆ ತಿರುಗಿಸಿದ್ದೂ ಹಾಗೇ. ಗೋಡೆ ತಪ್ಪಿದರೆ ಒಡೆದು ಕಟ್ಟಬಹುದು, ಗೋರಿ ತಪ್ಪಿದರೆ?

ಮಧ್ಯಾಹ್ನ ಮೌಲವಿಗಳ ಮುಂದೆ ಕೂತು ಕೇಳಿದ: "ಅವಳನ್ನ ಸರಿಯಾಗಿ ತಿರುಗಿಸಿ ಮಲಗಿಸ್ಬಹುದಾ ಸಾಹೇಬ್ರೆ?"

"ಮಣ್ಣು ಮುಚ್ಚಿದ್ಮೇಲೆ ತೆಗೆಯೋ ಹಾಗಿಲ್ಲ. ನೋಡಿ, ಮೊದಮೊದಲು ನಮ್ಮೋರು ಜೆರುಸಲೇಮಿನ ಕಡೆ ಮುಖ ಮಾಡಿ ನಮಾಜ್ ಮಾಡ್ತಿದ್ರು. ಆಮೇಲೆ ಕಾಬಾದ ಕಡೆ ತಿರುಗಿ ಅಂತ ಅಪ್ಪಣೆ ಆಯ್ತು. ಅಷ್ಟರೊಳಗೆ ಸತ್ತೋರ ಗತಿ ಏನು ಅಂತ ಜನ ಚಿಂತೆಗೆ ಬಿದ್ರು. ಅವರ ಈಮಾನು, ಅವರ ನಂಬಿಕೆ, ವ್ಯರ್ಥ ಆಗಲ್ಲ ಅಂತ ಅಲ್ಲಾಹನೇ ಹೇಳಿದ."

"ಅದು ಅಪ್ಪಣೆ ಬದಲಾಗಿದ್ದು. ಇದು ನನ್ನ ಕೈತಪ್ಪು." ಮೇಸ್ತ್ರಿ ತನ್ನ ಅಂಗೈ ನೋಡಿಕೊಂಡ. "ಕಾಬಾ ಕಟ್ಟಿದ ಇಬ್ರಾಹಿಂ ನಬಿಯೂ ಗೋಡೆ ಏರಿಸಿದೋರೇ ಅಲ್ವಾ? ಮಗ ಕಲ್ಲು ಕೊಟ್ಟ, ಅಪ್ಪ ಇಟ್ಟ. ಕಟ್ತಾ ಕಟ್ತಾನೇ 'ನಮ್ಮ ಕೆಲಸ ಒಪ್ಕೋ' ಅಂತ ಬೇಡಿದ್ರಂತೆ. ನಾನು ಬೇಡಲೇ ಇಲ್ಲ. ನೂಲು ನೆಟ್ಟಗಿದೆ ಅಂತ ಬೀಗ್ದೆ."

ಮೌಲವಿಗಳು ಆ ಅಂಗೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು.

"ನಾನು ಸತ್ರೆ ನನ್ನನ್ನ ಹೆಂಗೆ ಮಲಗಿಸ್ತೀರಿ?" ಎಂದ ಮೇಸ್ತ್ರಿ.

"ಗೊತ್ತಾದ್ಮೇಲೆ ಸರಿ ದಿಕ್ಕಿಗೇ ಚಾಚಾ."

ಸಂಜೆ ಮಗನನ್ನು ಕರೆದುಕೊಂಡು ಖಬರಸ್ತಾನಕ್ಕೆ ಹೋದ. ಹೆಂಡತಿಯ ಪಕ್ಕ ತನಗೆಂದು ಉಳಿಸಿಕೊಂಡಿದ್ದ ತುಂಡು ನೆಲದಲ್ಲಿ ಹೊಸ ದಿಕ್ಕಿಗೆ ನೂಲು ಕಟ್ಟಿದ. ಎಷ್ಟು ಹಿಂದೆಮುಂದೆ ಸರಿಸಿದರೂ ನೂಲು ಅವಳ ಕಾಲಿನ ಮೇಲೇ ಹಾಯುತ್ತಿತ್ತು.

"ಒಂಚೂರು ಓರೆ ಇದ್ರೆ ಏನಬ್ಬಾ? ಅಮ್ಮಿ ಪಕ್ಕಾನೇ ತೋಡಿಸ್ತೀನಿ," ಎಂದ ಮಗ.

"ಬೇಡಪ್ಪ. ಅರಿಯದೆ ಮಾಡಿದ್ದಕ್ಕೆ ಮಾಫಿ ಕೇಳ್ಬಹುದು. ಅರಿತು ಮಾಡಿ ಯಾವ ಮುಖ ಹೊತ್ಕೊಂಡು ಕೇಳ್ಲಿ?"

ನೂಲು ಬಿಚ್ಚಿ ಕೈಗೆ ಸುತ್ತಿಕೊಂಡ. ಇನ್ನೂ ಯಾರೂ ಮಲಗಿರದ ಆಚೆ ಮೂಲೆಗೆ ನಡೆದುಹೋಗಿ, ಅಲ್ಲಿ ಗೂಟ ಹೊಡೆದ. ಅಲ್ಲಿಂದ ಅವಳ ಗೋರಿ ಕಾಣುತ್ತಿರಲಿಲ್ಲ.