ಬಾಯಿಗೆ ಬಾರದ ಹೆಸರು

ಉಮೇದುವಾರರ ಹೆಸರು ಬರೆದ ಕಾಗದವನ್ನು ಚಿಗಳ್ಳಿಯ ಚಾವಡಿಯ ಕಂಬಕ್ಕೆ ಅಂಟಿಸಿದ್ದರು. ಚಾವಡಿಯ ಕಟ್ಟೆಯ ಮೇಲೆ ಬೆಳಗಿನಿಂದ ಸಂಜೆಯ ತನಕ ಗಂಡಸರು. ಹೆಂಗಸರು ಸೆರಗೆಳೆದುಕೊಂಡು ಆ ದಾರಿಯನ್ನು ಬಿರಬಿರನೆ ದಾಟುತ್ತಿದ್ದರೇ ಹೊರತು ನಿಂತು ಕಂಬ ನೋಡುತ್ತಿರಲಿಲ್ಲ. ಹೊಲದ ಸಾರಾ, ಅಂದರೆ ಕಂದಾಯ, ಕಟ್ಟುವ ಮನೆಗಳ ಹೆಂಗಸರಿಗೂ ಆ ಸಲ ಲೋಕಲ್ ಬೋರ್ಡಿನ ವೋಟು ಬಂದಿತ್ತು. ನಿಂತವರು ಯಾರು, ಏನು ಎಂಬುದು ಮಾತ್ರ ಕಂಬದ ಮೇಲೆಯೇ ಉಳಿದಿತ್ತು.

ಗಿರಿಜಾಬಾಯಿಗೆ ಓದಲು ಬರುತ್ತಿತ್ತು. ಒಂದು ಮಧ್ಯಾಹ್ನ ಗಂಡಸರು ಉಣ್ಣಲು ಹೋದಾಗ ಕಂಬದ ಮುಂದೆ ನಿಂತು ಓದಿಕೊಂಡು ಬಂದಳು. ಉಮೇದುವಾರರು ಇಬ್ಬರು, ಇಬ್ಬರೂ ಮುಂಡಗೋಡದವರು. ಒಬ್ಬ ನಾಗಲಿಂಗಪ್ಪ. ಗುಡಿಯ ಪಡಸಾಲೆಯಲ್ಲಿ ನಡೆಯುವ ಹೆಣ್ಣುಮಕ್ಕಳ ಶಾಲೆ ಸುಮ್ಮನೆ ಖರ್ಚು, ಮುಚ್ಚಬೇಕು ಎಂದು ಹೇಳಿಕೊಂಡು ತಿರುಗುತ್ತಿದ್ದ. ಇನ್ನೊಬ್ಬ ಅದನ್ನು ಉಳಿಸುತ್ತೇನೆ ಎಂದಿದ್ದ.

ಆ ಶಾಲೆಗೆ ಗಿರಿಜಾಬಾಯಿಯ ಮಗಳು ಕಾಶೆವ್ವ ಹೋಗುತ್ತಿದ್ದಳು. "ಶಾಲಿ ಇರೂತನಕ ಕಲೀಲಿ. ಮುಚ್ಚಿದ್ರ ಮದುವಿ ಮಾಡಿಬಿಡೂಣು" ಎಂದು ಗಂಡ ಹೇಳಿದ್ದ. ಅತ್ತೆ ಮಹಾದೇವಕ್ಕ ಆಗಲೇ ಕಲಘಟಗಿ ಕಡೆಯ ವರನೊಬ್ಬನನ್ನು ನೋಡಿಟ್ಟಿದ್ದಳು. ಮಗಳ ವಯಸ್ಸಿನಲ್ಲಿ ಗಿರಿಜಾಬಾಯಿ ಈ ಮನೆಯ ಬೀಸುಕಲ್ಲಿನ ಮುಂದೆ ಕೂತಾಗಿತ್ತು. ಗೂಟ ಹಿಡಿಯಲು ಅಂಗೈ ಸಾಲುತ್ತಿರಲಿಲ್ಲ. ಈಗಲೂ ಕಾಶೆವ್ವ ನೀರು ಕುಡಿಯಲು ತಂಬಿಗೆ ಎತ್ತಿದರೆ ತಾಯಿಯ ಕಣ್ಣು ಮೊದಲು ಆ ಸಣ್ಣ ಕೈಗೆ ಹೋಗುತ್ತಿತ್ತು.

ಕಂಬದ ಸುದ್ದಿಯನ್ನು ಅವಳು ಬಾವಿಗೆ ತಂದಳು. ಕೊಡ ತುಂಬುವ ಹೊತ್ತಿನಲ್ಲಿ ಒಬ್ಬೊಬ್ಬರಿಗೂ ತಿಳಿಸಿ ಹೇಳಿದಳು. ತೊಡಕು ಇದ್ದದ್ದು ಒಂದೇ. ಶಾಲೆ ಉಳಿಸುವವನ ಹೆಸರು ಉಳವಪ್ಪ, ಅವಳ ಗಂಡನ ಹೆಸರೂ ಉಳವಪ್ಪ. ಉಳವಿಯ ದೇವರಿಗೆ ಹರಕೆ ಹೊತ್ತು ಹಡೆದ ಗಂಡುಮಕ್ಕಳಿಗೆಲ್ಲ ಅದೇ ಹೆಸರಿಟ್ಟ ಊರು ಅದು. ಒಬ್ಬಳಿಗೆ ಗಂಡ, ಇನ್ನೊಬ್ಬಳಿಗೆ ಮಾವ, ಮತ್ತೊಬ್ಬಳಿಗೆ ಭಾವ. ಆ ಹೆಸರನ್ನು ಯಾರೂ ಬಾಯಿಗೆ ತರುವಂತಿರಲಿಲ್ಲ.

"ನಾಗಲಿಂಗಪ್ಪ ಬ್ಯಾಡ್ರಿ. ಇನ್ನೊಬ್ಬರು ಅದಾರಲ್ಲ, ನಮ್ಮನಿಯವರ ಹೆಸರಿನವರು, ಅವರಿಗೆ ಹಾಕ್ರಿ" ಎಂದಳು.

ನೆರೆಮನೆಯ ಈರಕ್ಕ ಹಗ್ಗ ಬಿಟ್ಟು ನಕ್ಕಳು. "ಅಯ್ಯ, ನಮ್ಮನಿಯವರ ಹೆಸರೂ ಅದ ಅಲ್ಲೇನ ಗಿರಿಜಕ್ಕ! ಗುರುತು ಚಲೋ ಆತ ತಗೋ. ಗಂಡನ್ನ ಮರತರ ವೋಟ ಮರತೇವು."

ವೋಟಿನ ದಿನ ಗಂಡುಹುಡುಗರ ಶಾಲೆಯ ಮುಂದೆ ಹುಣಸೆಮರದ ಕೆಳಗೆ ಹೆಂಗಸರ ಸಾಲು, ಆಚೆ ಗಂಡಸರದು. ಈರಕ್ಕ ಎಲ್ಲರಿಗಿಂತ ಮೊದಲು ಒಳಗೆ ಹೋದಳು. ಹೊರಗೆ ಬಂದವಳ ಮುಖ ಬಾಡಿತ್ತು.

"ಏನಾತು?"

"ಓದಾಕ ಬಾರದವರು ಹೆಸರು ಬಾಯಿಲೆ ಹೇಳಬೇಕಂತ. ವೋಟಿನ ಸಾಹೇಬ ಕೇಳಿ ಚೀಟಿ ಮ್ಯಾಲೆ ಗುರುತು ಹಾಕತಾನ. ನಮ್ಮನಿಯವರ ಹೆಸರಿನವರು ಅಂದೆ. ನಿಮ್ಮನಿಯವರ ಹೆಸರ ನನಗೇನ ಗೊತ್ತವ್ವಾ, ಹೆಸರ ಹೇಳು, ನಾ ಹೇಳಿಕೊಡೂವಂಗಿಲ್ಲ ಅಂದ. ಹಿಂದ ಮಂದಿ ನಿಂತಿತ್ತು. ಹೆದರಿ..." ಈರಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಾಗಲಿಂಗಪ್ಪ ಅಂದಬಿಟ್ಟೆ. ನನ್ನ ಬಾಯಿಗೆ ಬರೂದು ಅದೊಂದ ಅಲ್ಲೇನ?"

ಗಿರಿಜಾಬಾಯಿ ಹಿಂದಿನ ಸಾಲನ್ನು ನೋಡಿದಳು. ಅವಳೇ ಕಲಿಸಿದ ಗುರುತು. ಅವಳೊಬ್ಬಳು ಒಳಗೆ ಹೋಗಿ ತಾನೇ ಗುರುತು ಹಾಕಿ ಬರಬಲ್ಲಳು. ಹಿಂದೆ ನಿಂತವರೆಲ್ಲ ಬಾಯಿಗೆ ಬರುವ ಒಂದೇ ಹೆಸರನ್ನು ಹೇಳಿ ಬರುತ್ತಾರೆ. ಬಾವಿಕಟ್ಟೆಯಲ್ಲಿ ಆಡಿದ ಮಾತೆಲ್ಲ ಸೇರಿ ನಾಗಲಿಂಗಪ್ಪನ ವೋಟಾಗುತ್ತದೆ. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.

ಆಗ ಅವಳಿಗೆ ಒಡಪು ನೆನಪಾಯಿತು. ಮದುವೆ, ಸೀಮಂತದ ಮನೆಗಳಲ್ಲಿ ಗಂಡನ ಹೆಸರು ಹೇಳು ಎಂದು ಕಾಡಿದಾಗ ಒಡಪಿನಲ್ಲಿ ಹೆಣೆದು ಹೇಳಿದರೆ ದೋಷವಿಲ್ಲ. ಅವಳು ಅಲ್ಲೇ ಒಂದನ್ನು ಕಟ್ಟಿ ಹಿಂದಿನವರ ಕಡೆ ತಿರುಗಿ ಪಿಸುಗುಟ್ಟಿದಳು:

"ನನ್ನ ಕೈಯಾಗ ಹಸರ ಬಳಿ, ಮಗಳ ಕೈಯಾಗ ಪಾಟಿ;
ಉಳವಪ್ಪನವರ ಹೆಸರಿಗೆ ನನ್ನದೊಂದು ಚೀಟಿ."

"ಯವ್ವಾ, ಕಂಡಿಲ್ಲದ ಸಾಹೇಬನ ಮುಂದ ಒಡಪ ಹೇಳೂದ?" ಎಂದು ಒಬ್ಬಳು ನಾಲಿಗೆ ಕಚ್ಚಿದಳು. ಇನ್ನೊಬ್ಬಳು, "ಲಗ್ನಾ ಯಾರದು ಅಂತ ಕೇಳ್ಯಾನು!" ಎಂದಳು. ಕಿಸಕ್ಕನೆ ನಕ್ಕು ಎಲ್ಲರೂ ತಲೆ ತಗ್ಗಿಸಿದರು. ಹೇಳುತ್ತೇನೆ ಎಂದು ಒಬ್ಬಳೂ ಅನ್ನಲಿಲ್ಲ.

ಸಾಲಿನಲ್ಲಿ ಮುಂದಿದ್ದವಳು ಮಹಾದೇವಕ್ಕ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅತ್ತೀ..." ಎಂದಳು ಗಿರಿಜಾಬಾಯಿ. ಕಲಘಟಗಿಯ ವರನನ್ನು ನೋಡಿಟ್ಟವಳಿಗೆ ಏನೆಂದು ಕೇಳುವುದು? ಮಹಾದೇವಕ್ಕ ತಿರುಗಿ ನೋಡದೆ ಒಳಗೆ ಹೋದಳು.

ಆಮೇಲೆ, ಹೊಲದಲ್ಲಿರುವ ಮಗನನ್ನು ಊಟಕ್ಕೆ ಕರೆಯುವ ಅದೇ ದನಿ ಕಿಟಕಿಯಿಂದ ಹೊರಗೆ ಹಾರಿತು.

"ಉಳವಪ್ಪಾ!"

"ಆಂ? ಬಂದೆ ಯವ್ವಾ!" ಗಂಡಸರ ಸಾಲಿನಿಂದ ಗಿರಿಜಾಬಾಯಿಯ ಗಂಡ ತಲೆಯ ಪಟಕಾ ಹಿಡಿದುಕೊಂಡು ಓಡಿಬಂದ. ಅವನ ಹಿಂದೆ ಇನ್ನಿಬ್ಬರು ಉಳವಪ್ಪಗಳು ಕತ್ತು ಚಾಚಿದರು. ಒಳಗೆ ಸಾಹೇಬ, "ಮೆತ್ತಗ ಹೇಳವ್ವಾ, ಮೆತ್ತಗ" ಎನ್ನುವುದು ಕೇಳಿಸಿತು. ಹುಣಸೆಮರದ ಕೆಳಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಗಿರಿಜಾಬಾಯಿಯ ಹಿಂದೆ ನಿಂತವಳು ಸೆರಗು ಸಿಕ್ಕಿಸಿಕೊಂಡು, "ಕಡೀಗೆ ಏನಂದಿ, ಪಾಟಿ ಆದಮ್ಯಾಲೆ?" ಎಂದು ಕೇಳಿದಳು. ಗಿರಿಜಾಬಾಯಿ ಮತ್ತೊಮ್ಮೆ ಹೇಳಿಕೊಟ್ಟು, ಒಳಗೆ ಹೋಗಿ ತನ್ನ ಗುರುತು ಹಾಕಿ ಬಂದಳು. ಆಮೇಲೆ ಕೇಳಿದವಳು ಒಳಗೆ ಹೋದಳು, ಅವಳ ಹಿಂದೆ ಇನ್ನೊಬ್ಬಳು. ಕೆಲವರ ದನಿ ಹೊರಗೆ ಕೇಳಿಸಿತು, ಕೆಲವರದು ಕೇಳಿಸಲೇ ಇಲ್ಲ. ಕೇಳಿಸದವರು ಏನು ಹೇಳಿದರೋ.

ಮನೆಯ ದಾರಿಯಲ್ಲಿ ಗಿರಿಜಾಬಾಯಿ ಧೈರ್ಯ ಮಾಡಿದಳು. "ಅತ್ತೀ, ನೀವು ಅವರಿಗೆ ಯಾಕ ಹಾಕಿದ್ರಿ?"

"ಹಡದಾಕಿ ನಾನು, ಹೆಸರಿಟ್ಟಾಕಿ ನಾನು. ಅದನ್ನ ಬಿಟ್ಟು ಕಂಡವರ ಹೆಸರ ಯಾಕ ಹೇಳಲಿ?"

ಅಷ್ಟೇ. ಶಾಲೆಯ ಮಾತಿಲ್ಲ. ಅಂಗಳದಲ್ಲಿ ಕಾಶೆವ್ವ ಪಾಟಿಯ ಮೇಲೆ ಬಾಗಿ ಬರೆಯುತ್ತಿದ್ದಳು. ಮಹಾದೇವಕ್ಕ ಅವಳನ್ನು ದಾಟಿ ಹೋಗಿ, ಹೊಸ್ತಿಲ ಮೇಲೆ ನಿಂತಳು. "ಕಲಘಟಗಿಯವರಿಗೆ ಈಗ ಬರೂದು ಬ್ಯಾಡಂತ ಹೇಳಿ ಕಳಸಂತ ನಿನ್ನ ಗಂಡಗ ಹೇಳು. ಪೆಟಗಿ ಒಡದು ಎಣಸಲಿ, ಆಮ್ಯಾಲೆ ನೋಡೂಣು."

ಸಂಜೆ ಈರಕ್ಕ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ.

"ನಂದೊಂದರಿಂದ ಏನೂ ಕೆಡೂದಿಲ್ಲಲ್ಲ ಗಿರಿಜಕ್ಕಾ?"

"ಇಲ್ಲ ಬಿಡು, ಒಂದರಿಂದ ಏನಾಗತೈತಿ" ಎಂದಳು ಗಿರಿಜಾಬಾಯಿ. ಬಡಿಯುತ್ತಿದ್ದ ರೊಟ್ಟಿ ಕೈಯಲ್ಲಿ ಹರಿಯಿತು. ಹಿಟ್ಟನ್ನು ಮುದ್ದೆ ಮಾಡಿ ಮೊದಲಿನಿಂದ ನಾದತೊಡಗಿದಳು.